ನಿಧಾನದ ಹಡಗು, ಅವಸರದ ಊರು

ಜರ್ಮನಿಯ ಪಾಸಾವ್ ಪುರಭವನದ ಗೋಡೆಯ ಮೇಲೆ ನೆರೆಯ ಗೆರೆಗಳಿವೆ. ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂದು ಇಸವಿ ಸಮೇತ ಬರೆದಿಟ್ಟಿದ್ದಾರೆ. 2013ರ ಜೂನ್‌ನಲ್ಲಿ ಡ್ಯಾನ್ಯೂಬ್ ಇಲ್ಲಿ 12.89 ಮೀಟರ್ ಮುಟ್ಟಿತು. 1501ರ ನಂತರ ಅಷ್ಟು ನೀರು ಬಂದಿರಲಿಲ್ಲ. ಡ್ಯಾನ್ಯೂಬ್, ಇನ್, ಇಲ್ಟ್ಸ್ ಮೂರೂ ನದಿಗಳು ಕೂಡುವ ಈ ಊರಿನಿಂದಲೇ ಎಷ್ಟೋ ವಿಹಾರದ ಹಡಗುಗಳು ವಿಯೆನ್ನಾ, ಬುಡಾಪೆಸ್ಟ್ ಕಡೆಗೆ ಹೊರಡುತ್ತವೆ. ಹತ್ತುವವರಲ್ಲಿ ಆ ಗೋಡೆಯನ್ನು ನಿಂತು ನೋಡಿದವರು ಎಷ್ಟು ಜನವೋ.

ಈ ಹಡಗುಗಳು ಮಾರುವ ಸರಕಿನ ಹೆಸರು ನಿಧಾನ. ಅದರಲ್ಲಿ ನಿಜವೂ ಇದೆ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ವಾರದ ಕೊನೆಗೆ ಕಟ್ಟಿದರಾಯಿತು. ಹಳೆಯ ಊರುಗಳೆಲ್ಲ ನದಿಗೆ ಮುಖ ಮಾಡಿ ಬೆಳೆದವು, ಹಾಗಾಗಿ ಹಡಗಿನಿಂದ ಇಳಿದರೆ ಪೇಟೆ ಬೀದಿ ಕೂಗಳತೆಯಲ್ಲಿರುತ್ತದೆ. ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಸುಖದ ಪ್ರಯಾಣ ಇರಲಾರದು.

ನನ್ನ ತಕರಾರಿರುವುದು ಆ ನಿಧಾನ ಎಲ್ಲಿ ಖರ್ಚಾಗುತ್ತದೆ ಎಂಬುದರ ಬಗ್ಗೆ. ಹಡಗು ಬಹುಪಾಲು ಸಾಗುವುದು ರಾತ್ರಿ, ಪ್ರಯಾಣಿಕರು ಮಲಗಿದ್ದಾಗ. ಬೆಳಗಾದರೆ ಊರು, ಕಿವಿಗೆ ಇಯರ್‌ಫೋನ್, ನಂಬರಿನ ಕೋಲು ಹಿಡಿದ ಗೈಡ್, ಮೂರು ಗಂಟೆ, ಮತ್ತೆ ಊಟದ ಮೇಜು. ನದಿಯ ಮೇಲೆ ಆರಾಮ, ಊರಿನೊಳಗೆ ಓಟ. ಕಟ್ಟೆಯಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟಿಬಿಟ್ಟರಂತೂ, ದುಡ್ಡು ಕೊಟ್ಟ ಕಿಟಕಿಯಿಂದ ಕಾಣುವುದು ಪಕ್ಕದ ಹಡಗಿನ ಪರದೆ!

ಹೀಗೆ ತಪ್ಪಿಹೋಗುವುದು ಏನು? ಆಸ್ಟ್ರಿಯಾದ ಲಿಂಟ್ಸ್ ದಾಟಿದ ಮೇಲೆ ಎಡದಂಡೆಯಲ್ಲಿ ಮೌತ್‌ಹೌಸೆನ್ ಸಿಗುತ್ತದೆ. ವಿಯೆನ್ನಾದ ಬೀದಿಗಳಿಗೆ ಹಾಸುಗಲ್ಲು ಒದಗಿಸಿದ ಕಲ್ಲುಗಣಿ ಅಲ್ಲಿತ್ತು. ಆ ಗಣಿಗಾಗಿಯೇ ನಾಜಿಗಳು 1938ರಲ್ಲಿ ಅಲ್ಲಿ ಬಂದಿಶಿಬಿರ ತೆರೆದರು. ಆ ಶಿಬಿರ ಮತ್ತು ಅದರ ಉಪಶಿಬಿರಗಳಲ್ಲಿ ಸತ್ತವರು ಕನಿಷ್ಠ 90 ಸಾವಿರ. ಬಿಷಪ್ಪರ ಅರಮನೆ, ಬರೋಕ್ ಮಠ, ದ್ರಾಕ್ಷಾರಸ ಎಂದು ಪೋಣಿಸಿದ ಸರದಲ್ಲಿ ಈ ಮಣಿ ಕೂರುವುದಿಲ್ಲ. ಇದನ್ನು ಬಿಟ್ಟು ಹೇಳುವ ಡ್ಯಾನ್ಯೂಬ್ ಕಥೆಯನ್ನು ಇತಿಹಾಸ ಎನ್ನಲು ನನಗೆ ಮನಸ್ಸು ಬಾರದು.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಹಾವ್ ಕಣಿವೆಯನ್ನು ಮಾತ್ರ ಹಡಗಿನವರೂ ಸಾಮಾನ್ಯವಾಗಿ ಹಗಲಲ್ಲೇ ತೋರಿಸುತ್ತಾರೆ, ಪುಣ್ಯ. ಬರೀ 36 ಕಿಲೋಮೀಟರ್. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ, ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರಲ್ಲಿ ಸೆರೆಯಿಟ್ಟ ಡ್ಯೂರ್ನ್‌ಸ್ಟೈನ್ ಕೋಟೆ. ಆದರೆ ಈ ಕಣಿವೆಯ ನಿಜವಾದ ಐಶ್ವರ್ಯ ಹರಿಯುವ ನೀರು. ಆಸ್ಟ್ರಿಯಾದ ಡ್ಯಾನ್ಯೂಬ್‌ಗೆ ಹತ್ತು ಜಲವಿದ್ಯುತ್ ಕಟ್ಟೆಗಳಿವೆ. ನದಿ ತನ್ನ ಪಾಡಿಗೆ ಹರಿಯುವುದು ಇಲ್ಲಿ ಮತ್ತು ವಿಯೆನ್ನಾದ ಪೂರ್ವಕ್ಕೆ ಮಾತ್ರ. ಇಲ್ಲಿಯೂ ಕಟ್ಟೆ ಕಟ್ಟುವ ಯೋಜನೆಯಿತ್ತು, ಜನ ಎದ್ದುನಿಂತು ತಡೆದರು. ಹವಾನಿಯಂತ್ರಿತ ಕೋಣೆಯಲ್ಲಿ ಕೂತವರಿಗೆ ನಿಂತ ನೀರೂ ಒಂದೇ, ಹರಿಯುವ ನೀರೂ ಒಂದೇ.

ಆ ವ್ಯತ್ಯಾಸ ತಿಳಿಯಬೇಕೆಂದಿದ್ದರೆ ವಾರದ ಹಡಗಿನ ದುಡ್ಡು ಉಳಿಸಿ, ಕ್ರೆಮ್ಸ್‌ನಲ್ಲಿ ಮೂರು ರಾತ್ರಿ ತಂಗಿ. ಹಗಲಿನ ಸಣ್ಣ ಹಡಗು ಹತ್ತಿ ಮೆಲ್ಕ್‌ಗೆ ಹೋಗಿ ಬನ್ನಿ: ಪ್ರವಾಹಕ್ಕೆ ಎದುರಾಗಿ ಹೋಗಲು ಸುಮಾರು ಮೂರು ಗಂಟೆ, ಇಳಿದು ಬರಲು ಎರಡು ಗಂಟೆಯೂ ಬೇಡ. ನಡುವೆ ಸ್ಪಿಟ್ಸ್‌ನಲ್ಲಿ ಇಳಿದು ಆಚೆ ದಡದ ಆರ್ನ್ಸ್‌ಡೋರ್ಫ್‌ಗೆ ದಾಟಿ. ಅಲ್ಲಿನ ದೋಣಿಯನ್ನು ನದಿಗೆ ಅಡ್ಡ ಕಟ್ಟಿದ ತಂತಿಹಗ್ಗಕ್ಕೆ ಬಿಗಿದಿದ್ದಾರೆ. ದಾಟಿಸುವುದು ಎಂಜಿನ್ ಅಲ್ಲ, ನದಿಯ ಸೆಳೆತ.