ಜನ ಕೂಡುವ ಮನೆಯ ಗೋಡೆಗಳು

ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೀಬ್ರೂ ಭಾಷೆಯಲ್ಲಿ 'ಬೇತ್ ಕ್ನೆಸೆತ್' ಎನ್ನುತ್ತಾರೆ. ಅಂದರೆ ಜನ ಕೂಡುವ ಮನೆ. ಸಂಪ್ರದಾಯದ ಪ್ರಕಾರ ಸಾಮೂಹಿಕ ಪ್ರಾರ್ಥನೆಗೆ ಅಲ್ಲಿ ಹತ್ತು ಮಂದಿಯಾದರೂ ಸೇರಬೇಕು. ಆ ಕೂಟಕ್ಕೆ 'ಮಿನ್ಯಾನ್' ಎಂದು ಹೆಸರು. ಇಂಥ ಮನೆಯ ಗೋಡೆಗಳನ್ನು ಯಹೂದಿ ಕಲಾವಿದರ ಪ್ರದರ್ಶನಗಳಿಗೆ ತೆರೆದಾಗ 'ಸಮುದಾಯ' ಎಂಬ ವಸ್ತು ತಾನಾಗಿಯೇ ಮುನ್ನೆಲೆಗೆ ಬರುತ್ತದೆ. ಆದರೆ ಸಮುದಾಯದ ಚಿತ್ರ ಬರೆಯುವುದು ಬೇರೆ, ಆ ಕೆಲಸದಲ್ಲಿ ಸಮುದಾಯವೇ ಪಾಲುಗೊಳ್ಳುವುದು ಬೇರೆ. ಸಿನಗಾಗ್ ಕಲೆಯ ಪರಂಪರೆಯ ಸತ್ವ ಎರಡನೆಯದರಲ್ಲಿದೆ ಎಂದು ನಾನು ನಂಬುತ್ತೇನೆ.

ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ವಿಗ್ರಹಕ್ಕೆ ನಿಷೇಧವಿದೆ. ಆದ್ದರಿಂದ ಯಹೂದಿಗಳಿಗೆ ಚಿತ್ರಕಲೆಯೇ ಒಗ್ಗದು ಎಂಬ ಮಾತು ಬಹುಕಾಲ ನಡೆಯಿತು. ಸಿರಿಯಾದಲ್ಲಿ ಯೂಫ್ರೆಟಿಸ್ ದಂಡೆಯ ದುರಾ ಯೂರೋಪೋಸ್‌ನಲ್ಲಿ 1932ರಲ್ಲಿ ಬೆಳಕಿಗೆ ಬಂದ ಸಿನಗಾಗ್ ಆ ಮಾತನ್ನು ಅಲುಗಾಡಿಸಿತು. ಕ್ರಿ.ಶ. 244-45ರ ಅದರ ಗೋಡೆಗಳ ತುಂಬ ಮೋಶೆ, ಎಸ್ತೇರ್, ಯೆಹೆಜ್ಕೇಲರ ಕಥೆಗಳಿದ್ದವು. ಇಸ್ರೇಲಿನಲ್ಲಿರುವ ಆರನೆಯ ಶತಮಾನದ ಬೇತ್ ಆಲ್ಫಾ ಸಿನಗಾಗ್‌ನ ನೆಲದಲ್ಲಿ ರಾಶಿಚಕ್ರದ ಮೊಸಾಯಿಕ್ ಇದೆ. ಅದನ್ನು ಜೋಡಿಸಿದ ಮರಿಯಾನೋಸ್ ಮತ್ತು ಅವನ ಮಗ ಹನೀನಾರ ಹೆಸರುಗಳೂ ಅಲ್ಲೇ ಉಳಿದಿವೆ. ಪ್ರಾರ್ಥನೆಗೆ ಬಂದವರು ಈ ಕುಶಲಕರ್ಮಿಗಳ ಕೆಲಸದ ಮೇಲೆಯೇ ನಡೆದಾಡುತ್ತಿದ್ದರು.

ಆಧುನಿಕ ಕಾಲದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಉದಾಹರಣೆ ನ್ಯೂಜೆರ್ಸಿಯ ಮಿಲ್‌ಬರ್ನ್‌ನದು. ವಾಸ್ತುಶಿಲ್ಪಿ ಪರ್ಸಿವಲ್ ಗುಡ್‌ಮನ್ 1951ರ ಹೊತ್ತಿಗೆ ಅಲ್ಲಿ ಕಟ್ಟಿದ ಬ್ನೈ ಇಸ್ರೇಲ್ ಸಿನಗಾಗ್‌ಗೆ ಆಗಿನ ಅಮೂರ್ತ ಕಲಾವಿದರನ್ನು ಕರೆಸಿದರು. ಹರ್ಬರ್ಟ್ ಫರ್ಬರ್ ಹೊರಗೋಡೆಗೆ ಬೈಬಲ್ಲಿನ ಕಥೆಯಲ್ಲಿ ಬರುವ, ಉರಿದರೂ ಬೂದಿಯಾಗದ ಪೊದೆಯ ಶಿಲ್ಪ ಮಾಡಿದರು. ರಾಬರ್ಟ್ ಮದರ್‌ವೆಲ್ ಭಿತ್ತಿಚಿತ್ರ ಬರೆದರು. ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನಿಡುವ ಕಪಾಟಿನ ಪರದೆಯನ್ನು ವಿನ್ಯಾಸ ಮಾಡಿದವರು ಅಡಾಲ್ಫ್ ಗಾಟ್ಲೀಬ್. ಆ ವೆಲ್ವೆಟ್ ಪರದೆಯನ್ನು ಹೊಲಿದವರು ಅದೇ ಸಿನಗಾಗ್‌ನ ಹೆಂಗಸರು. ಅಮೂರ್ತ ಕಲೆ ಜನರಿಗೆ ದೂರ ಎಂಬ ದೂರಿಗೆ ಈ ಹೊಲಿಗೆಗಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಅರ್ಥವಾಗುವ ಮುನ್ನವೇ ಆ ಆಕೃತಿಗಳು ಅವರ ಬೆರಳಿಗೆ ಪರಿಚಯವಾಗಿದ್ದವು.

ಇದರ ಪಕ್ಕದಲ್ಲಿ ಜೆರುಸಲೇಮಿನ ಹದಸ್ಸಾ ಆಸ್ಪತ್ರೆಯ ಸಿನಗಾಗ್‌ಗೆ ಮಾರ್ಕ್ ಶಗಾಲ್ ಮಾಡಿದ, 1962ರಲ್ಲಿ ಅಲ್ಲಿ ಕೂರಿಸಲಾದ 12 ಬಣ್ಣದ ಗಾಜಿನ ಕಿಟಕಿಗಳನ್ನು ಇಟ್ಟು ನೋಡಬೇಕು. ಇಸ್ರೇಲಿನ ಹನ್ನೆರಡು ಕುಲಗಳನ್ನು ಅವರು ಮನುಷ್ಯಾಕೃತಿಯೇ ಇಲ್ಲದೆ ಪ್ರಾಣಿ, ಪಕ್ಷಿ, ಹೂಗಳಲ್ಲಿ ಮೂಡಿಸಿದರು. ನಿಷೇಧವನ್ನೇ ಕಲ್ಪನೆಗೆ ಇಂಬಾಗಿಸಿಕೊಂಡ ಆ ಪ್ರತಿಭೆ ದೊಡ್ಡದು. ಆದರೂ ಅಲ್ಲಿ ಸಮುದಾಯ ತಲೆಯೆತ್ತಿ ನೋಡುವುದಷ್ಟೇ. ಅದರ ಕೈಗೆ ಕೆಲಸವಿಲ್ಲ. ಪ್ರಸಿದ್ಧ ಕಲಾವಿದರನ್ನು ಕರೆಸುವ ದಾರಿಯ ಮಿತಿ ಇದು.

ಮುಂಬೈಯಲ್ಲಿ ಬೆಳೆದು ಅಮೆರಿಕದಲ್ಲಿ ನೆಲೆಸಿದ ಸಿಯೋನಾ ಬೆಂಜಮಿನ್ ಬೇರೆಯೇ ದಾರಿ ಹಿಡಿದರು. ಅವರದು ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯ. ಗಾಣದ ಕಸುಬಿನ ಈ ಜನ ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಇಸ್ರೇಲ್ ಹುಟ್ಟಿದ ಮೇಲೆ ಅವರಲ್ಲಿ ಬಹುಪಾಲು ಜನ ಅಲ್ಲಿಗೆ ವಲಸೆ ಹೋದರು. ಬೆಂಜಮಿನ್ ಫುಲ್‌ಬ್ರೈಟ್ ಫೆಲೋಶಿಪ್‌ನ ನೆರವಿನಿಂದ ಭಾರತಕ್ಕೆ ಬಂದು, ಇಲ್ಲಿ ಉಳಿದವರ ಫೋಟೊ ತೆಗೆದು, ಅವರ ಕಥೆ ಕೇಳಿ, ಆ ಮುಖಗಳ ಸುತ್ತ ಚಿತ್ರ ಬರೆದರು. ಇಲ್ಲಿ ಸಮುದಾಯ ಹೊಲಿಯಲಿಲ್ಲ, ಮಾತಾಡಿತು. ಅವರ ಚಿತ್ರಗಳ ನೀಲಿ ಮೈಯ ಹೆಂಗಸರಲ್ಲಿ ಬೈಬಲ್ಲಿನ ಹೆಸರುಗಳೂ ಭಾರತೀಯ ಮಿನಿಯೇಚರ್ ಚಿತ್ರಕಲೆಯ ಬಣ್ಣಗಳೂ ಜೊತೆಯಾಗಿವೆ. ಯಹೂದಿ ಎಂದರೆ ಯುರೋಪಿನವನೇ ಎಂಬ ರೂಢಿಯ ಕಲ್ಪನೆಯನ್ನು ಅವು ಮುರಿಯುತ್ತವೆ.

ಗಾಟ್ಲೀಬರ ಪರದೆ ಈಗ ನ್ಯೂಯಾರ್ಕಿನ ಯಹೂದಿ ಮ್ಯೂಸಿಯಂ ಸೇರಿದೆ. ಬಟ್ಟೆ ಬಾಳಬೇಕಾದರೆ ಅದು ಬೇಕಾಗಿತ್ತು. ಆದರೂ ತೋರಾ ಹೊರತೆಗೆಯುವಾಗ ಅದನ್ನು ಸರಿಸುತ್ತಿದ್ದ ಕೈಗಳು ಅಲ್ಲಿಲ್ಲ. ಸಿನಗಾಗ್‌ನಲ್ಲಿ ಪ್ರದರ್ಶನ ಏರ್ಪಡಿಸುವವರು ಈ ನಷ್ಟವನ್ನು ನೆನಪಿಡಬೇಕು. ಚಿತ್ರ ತೂಗುಹಾಕುವ ಮೊದಲೇ ಅಲ್ಲಿಗೆ ಪ್ರಾರ್ಥನೆಗೆ ಬರುವವರನ್ನು ಕೂರಿಸಿ, ಅವರ ಕೈಗೆ ಸೂಜಿಯನ್ನೋ ಬಾಯಿಗೆ ಮಾತನ್ನೋ ಕೊಟ್ಟರೆ ಆ ಗೋಡೆ ಅವರದಾಗುತ್ತದೆ.