ಮಾತಿನ ಗುಳ್ಳೆಯೊಳಗಣ ಭಾಷೆ: ಅನಂತ ಪೈ ಅವರ ಚಿತ್ರಕಥೆಗಳು

ಅನಂತ ಪೈ (1929–2011) ಅವರ ಸಾಧನೆಯ ಚರ್ಚೆ ಸಾಮಾನ್ಯವಾಗಿ 1967ರ ದೆಹಲಿಯಿಂದ ಮೊದಲಾಗುತ್ತದೆ. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದನ್ನು ಕಂಡು ಅವರು ‘ಅಮರ ಚಿತ್ರ ಕಥೆ’ಯನ್ನು ಯೋಜಿಸಿದರೆಂಬುದು ಪ್ರಸಿದ್ಧ ವೃತ್ತಾಂತ. ಇದರ ಜೊತೆಗೆ ಬೆಂಗಳೂರಿನ ಇನ್ನೊಂದು ವೃತ್ತಾಂತವಿದೆ. ಇಂಡಿಯಾ ಬುಕ್ ಹೌಸ್‌ನ ಜಿ. ಕೆ. ಅನಂತರಾಮ್ ಅವರ ಹೇಳಿಕೆಯಂತೆ ಮಾಲೆಯ ಆರಂಭ ಕನ್ನಡದಲ್ಲಾಯಿತು; ಇಂಗ್ಲಿಷಿನ ಯೋಚನೆ ಪೈ ಅವರದು. ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಥೆಗಳು. ಭಾರತೀಯ ವಸ್ತು ಕಾಣಿಸಿಕೊಂಡದ್ದು ರಾಮ್ ವಾಯೀರ್ಕರ್ ಚಿತ್ರಿಸಿದ ಹನ್ನೊಂದನೆಯ ‘ಕೃಷ್ಣ’ದಲ್ಲಿ.

ಕಾರ್ಕಳದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿ ಸೇರಿದ ಪೈ ರಾಸಾಯನಿಕ ತಂತ್ರಜ್ಞಾನವನ್ನು ಓದಿದವರು. 1954ರ ‘ಮಾನವ್’ ಮಕ್ಕಳ ಪತ್ರಿಕೆ ಬಾಳಲಿಲ್ಲ. ಇಂದ್ರಜಾಲ ಕಾಮಿಕ್ಸ್‌ನ ಅನುಭವ ಚಿತ್ರಕಥೆಯ ವ್ಯಾಕರಣವನ್ನು ಕಲಿಸಿತು. ಆ ವ್ಯಾಕರಣದಲ್ಲಿ ಚಿತ್ರ ಸ್ಥಿರ, ಭಾಷೆ ಚರ. ಇಂಗ್ಲಿಷಿಗೆ ಅಳೆದ ಗುಳ್ಳೆಯೊಳಗೆ ಉಳಿದ ಭಾಷೆಗಳು ಹೊಂದಿಕೊಳ್ಳಬೇಕು. ಮೂಲದಲ್ಲಿ ಆರಂಭದ ಭಾಷೆಯಾಗಿದ್ದ ಕನ್ನಡ ಹೀಗೆ ಭರ್ತಿಯ ಭಾಷೆಯಾಯಿತು.

ಹಿಂದೂಪುರ, ಕಲ್ಯಾಣದುರ್ಗಗಳಂತಹ ಗಡಿಸೀಮೆಯಲ್ಲಿ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಇರುವ ಮಗುವಿಗೆ ಒಂದೇ ಚಿತ್ರ ಎರಡು ಲಿಪಿಗಳಲ್ಲಿ ದೊರೆಯುವುದು ನಿಜವಾದ ಲಾಭ. ಆದರೆ ಆ ಎರಡು ಪಠ್ಯಗಳು ಪರಸ್ಪರ ಮಾತಾಡುವುದಿಲ್ಲ. ಎರಡೂ ಮೂರನೆಯ ಭಾಷೆಗೆ ಉತ್ತರಿಸುತ್ತವೆ. ತೆನಾಲಿ ರಾಮನ ಕಥೆಗಳನ್ನೇ ನೋಡಬಹುದು. ಎರಡೂ ಭಾಷೆಗಳ ಜನ ತಮ್ಮದೆಂದು ಹೇಳಿಕೊಂಡು ಬಂದ ಈ ವಿಕಟಕವಿಯ ಜೀವಾಳ ಶ್ಲೇಷೆ. ಭಾಷಾಂತರಕ್ಕೆಂದು ಸಿದ್ಧವಾದ ಚೌಕಟ್ಟಿನಲ್ಲಿ ಶ್ಲೇಷೆ ನಿಲ್ಲದು. ಸನ್ನಿವೇಶದ ಹಾಸ್ಯ ಮಾತ್ರ ಉಳಿಯುತ್ತದೆ. ಕವಿ ಬರಿಯ ಚತುರನಾಗುತ್ತಾನೆ.

ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿ, ಹದಿನಾರನೆಯ ಶತಮಾನದ ವೀರಭದ್ರ ದೇಗುಲದ ಛಾವಣಿಯ ಮೇಲೆ, ಕಿರಾತಾರ್ಜುನೀಯ ಪ್ರಸಂಗ ಚಿತ್ರಪಟ್ಟಿಕೆಯಾಗಿ ಸಾಗುತ್ತದೆ. ಅದೇ ದೇಗುಲದಲ್ಲಿ ಕನ್ನಡ ಶಾಸನಗಳಿವೆ. ಅಲ್ಲಿನ ಅರ್ಜುನನ ಬಾಯಲ್ಲಿ ಮಾತಿಲ್ಲ. ಮಾತು ತೋರಿಸುವವರದು, ಅವರವರ ನುಡಿಯದು. ‘ಅಮರ ಚಿತ್ರ ಕಥೆ’ ಹೇಳುವವರ ಸ್ಥಾನವನ್ನೇ ಮುದ್ರಿಸಿತು. ಅಜ್ಜಿಯಿಲ್ಲದ ನಗರದ ಮನೆಗೆ ಅದು ಆಸರೆ. ಅಜ್ಜಿಯಿರುವ ಊರಿಗೆ ಅದು ಪ್ರತಿಸ್ಪರ್ಧಿ.

ನಂದಿನಿ ಚಂದ್ರ, ಕಾರ್ಲೀನ್ ಮೆಕ್ಲೇನ್ ಅವರ ಅಧ್ಯಯನಗಳು ಈ ಮಾಲೆಯ ಮತ, ಲಿಂಗ, ರಾಷ್ಟ್ರಗಳ ಕಲ್ಪನೆಯನ್ನು ವಿಮರ್ಶೆಗೆ ಒಡ್ಡಿವೆ. ಭಾಷೆಯ ದೃಷ್ಟಿಯಿಂದ ನೋಡಿದರೆ ಪೈ ಅವರ ಕೃತಿಶ್ರೇಣಿಯಲ್ಲಿಯೇ ಒಂದು ಪರಿಹಾರ ಕಾಣುತ್ತದೆ. 1980ರಲ್ಲಿ ಆರಂಭವಾದ ‘ಟಿಂಕಲ್’ ಓದುಗರಿಂದ ಕಥೆಗಳನ್ನು ಬೇಡಿತು. ಸುಪ್ಪಂಡಿ ಹುಟ್ಟಿದ್ದು ತಮಿಳುನಾಡಿನ ಓದುಗರೊಬ್ಬರು ಕಳುಹಿಸಿದ ಜನಪದ ಕಥೆಗಳಿಂದ. ಕಥೆಯನ್ನು ಕಲಿಸಹೊರಟ ಸಂಪಾದಕ ಇಲ್ಲಿ ಕೇಳುಗನಾದರು. ಪೌರಾಣಿಕ ಮಾಲೆಯ ಕೀರ್ತಿಯಲ್ಲಿ ಈ ತಿರುವು ಮರೆಯಾಗಬಾರದು. ಗಡಿಯ ಕನ್ನಡಕ್ಕೆ ಅವರಿಂದ ದೊರೆಯುವ ಉಪಯುಕ್ತ ಮಾದರಿ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ನಲ್ಲ, ಅಂಚೆಯಲ್ಲಿ ಬಂದ ಸುಪ್ಪಂಡಿ.