ಐಸ್‌ಕ್ರೀಮ್ ಬರಬಾರದಿತ್ತು

ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಪ್ರಕಟಿಸಿದ ‘ಲಿಟಲ್ ವಿಮೆನ್’ ಕಾದಂಬರಿಯನ್ನು ಓದದವರಿಗೂ ಅದರ ಕ್ರಿಸ್‌ಮಸ್ ಗೊತ್ತಿರುತ್ತದೆ. ತಮ್ಮ ಹಬ್ಬದ ತಿಂಡಿಯನ್ನು ಬಡವರ ಮನೆಗೆ ಹೊತ್ತುಕೊಂಡು ಹೊರಟ ನಾಲ್ವರು ಅಕ್ಕತಂಗಿಯರನ್ನು ಸಿನಿಮಾಗಳು ಕಣ್ಣಿಗೆ ಕಟ್ಟಿಸಿವೆ. ಪುಸ್ತಕದಲ್ಲಿ ಈ ಮೆರವಣಿಗೆ ಅಷ್ಟು ಚಂದವಾಗಿಲ್ಲ. ಹಿಂದಿನ ಓಣಿಗಳಲ್ಲಿ ಹೋದರು, ಇನ್ನೂ ಬೆಳಗಿನ ಹೊತ್ತಾದ್ದರಿಂದ ನೋಡಿ ನಗುವವರಿರಲಿಲ್ಲ ಎನ್ನುತ್ತಾರೆ ಆಲ್ಕಾಟ್. ಒಳ್ಳೆಯ ಕೆಲಸಕ್ಕೆ ಹೊರಟವರನ್ನೂ ಕಂಡವರು ನಕ್ಕಾರು ಎಂಬುದನ್ನು ಮರೆಯದ ಈ ಒಂದು ಮಾತು, ನನ್ನ ಮಟ್ಟಿಗೆ, ಎಲ್ಲ ಸಿನಿಮಾಗಳ ಹಿಮಕ್ಕಿಂತ ಹೆಚ್ಚು ಬೆಲೆಯದ್ದು.

ಅಮೆರಿಕದ ಅಂತರ್ಯುದ್ಧದ ಕಾಲ. ಮನೆಯ ಯಜಮಾನ ಸೈನ್ಯದ ಪಾದ್ರಿಯಾಗಿ ದೂರದಲ್ಲಿದ್ದಾನೆ. ಗಂಡಸರು ರಣರಂಗದಲ್ಲಿ ನರಳುತ್ತಿರುವಾಗ ನಾವು ಸುಖಕ್ಕೆ ದುಡ್ಡು ಸುರಿಯುವುದು ಬೇಡ, ಈ ವರ್ಷ ಉಡುಗೊರೆ ಇಲ್ಲ ಎಂದು ತಾಯಿ ಹೇಳಿದ್ದಾಳೆ. ಮಕ್ಕಳು ತಲೆಯಾಡಿಸಿ ಸುಮ್ಮನಾಗುವುದಿಲ್ಲ. ಕಾದಂಬರಿ ಶುರುವಾಗುವುದೇ ಅವರ ಗೊಣಗಾಟದಿಂದ. ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ಡಾಲರ್ ಇದೆ. ಜೋಗೆ ಪುಸ್ತಕ, ಬೆತ್‌ಗೆ ಸಂಗೀತದ ಹಾಳೆ, ಏಮಿಗೆ ಚಿತ್ರ ಬರೆಯುವ ಪೆನ್ಸಿಲ್ ಬೇಕು. ಅಷ್ಟರಲ್ಲಿ ಬೆತ್, ತಾಯಿಯ ಸವೆದ ಚಪ್ಪಲಿಗಳನ್ನು ಬೆಂಕಿಯೆದುರು ಬೆಚ್ಚಗಾಗಲೆಂದು ಇಡುತ್ತಾಳೆ. ಅವನ್ನು ನೋಡಿದ ಮೇಲೆ ಡಾಲರ್‌ಗಳೆಲ್ಲ ತಾಯಿಯ ಕಡೆ ತಿರುಗುತ್ತವೆ.

ಆಲ್ಕಾಟ್ ಅವರ ಕೈಚಳಕ ಇರುವುದು ಇಂಥ ಸಣ್ಣಪುಟ್ಟದರಲ್ಲಿ. ಬೆತ್ ಕರವಸ್ತ್ರಗಳ ಮೇಲೆ ತಾಯಿಯ ಹೆಸರಿನ ಬದಲು ‘ತಾಯಿ’ ಎಂದೇ ಕಸೂತಿ ಹಾಕುತ್ತಾಳೆ. ದೊಡ್ಡಕ್ಕ ಮೆಗ್‌ಳ ಹೆಸರಿನ ಮೊದಲಕ್ಷರಗಳೂ ಅವೇ ಆದ್ದರಿಂದ, ಎಲ್ಲಿ ಗೊಂದಲವಾದೀತೋ ಎಂಬ ಲೆಕ್ಕ ಅವಳದು. ಹನ್ನೆರಡರ ಏಮಿ ಮೊದಲು ಅಗ್ಗದ ಪುಟ್ಟ ಸುಗಂಧದ ಬಾಟಲಿ ಕೊಂಡು ಉಳಿದ ಚಿಲ್ಲರೆಯನ್ನು ತನಗೆಂದು ಇಟ್ಟುಕೊಂಡಿರುತ್ತಾಳೆ. ಹಬ್ಬದ ಬೆಳಗ್ಗೆ ನಾಚಿಕೆಯಾಗಿ ಅಂಗಡಿಗೆ ಓಡಿ, ಇದ್ದಬದ್ದದ್ದನ್ನೆಲ್ಲ ಕೊಟ್ಟು ದೊಡ್ಡ ಬಾಟಲಿ ತರುತ್ತಾಳೆ. ಮಕ್ಕಳ ತ್ಯಾಗ ಹೀಗೇ ಇರುತ್ತದೆ, ಒಂದು ರಾತ್ರಿ ತಡವಾಗಿ.

ಮುಂದಿನದು ಹಮ್ಮೆಲ್ ಕುಟುಂಬದ ಪ್ರಸಂಗ. ಜರ್ಮನಿಯಿಂದ ಬಂದ ಬಡ ಬಾಣಂತಿ, ಹಸುಗೂಸು. ಒಲೆಯಲ್ಲಿ ಬೆಂಕಿಯಿಲ್ಲದೆ ಒಂದೇ ಹಾಸಿಗೆಯಲ್ಲಿ ಮುದುಡಿ ಮಲಗಿದ ಆರು ಮಕ್ಕಳು. ನಿಮ್ಮ ತಿಂಡಿ ಕೊಡುತ್ತೀರಾ ಎಂದು ತಾಯಿ ಕೇಳಿದಾಗ ಹುಡುಗಿಯರು ಕೂಡಲೇ ಹೂಂ ಎನ್ನುವುದಿಲ್ಲ. ಒಂದು ನಿಮಿಷ ಯಾರಿಗೂ ಮಾತು ಹೊರಡುವುದಿಲ್ಲ. ಗಂಟೆಹೊತ್ತಿನಿಂದ ಕಾದು ಹಸಿದವರು ಅವರು. ಆ ಒಂದು ನಿಮಿಷವಿಲ್ಲದಿದ್ದರೆ ಈ ಅಧ್ಯಾಯ ನೀತಿಪಾಠದ ಪುಸ್ತಕಕ್ಕೆ ಸೇರಿಹೋಗುತ್ತಿತ್ತು. ಅಲ್ಲಿ ಹೋದಾಗ ಹಮ್ಮೆಲ್ ಮಕ್ಕಳು ಇವರನ್ನು ದೇವದೂತರೆಂದು ಕರೆಯುತ್ತವೆ. ಆದರೆ ಸೌದೆ ಹೊತ್ತು ತಂದು ಬೆಂಕಿ ಹಾಕಿ, ಒಡೆದ ಗಾಜಿನ ಸಂದುಗಳಿಗೆ ಹಳೆಯ ಟೋಪಿಗಳನ್ನೂ ತನ್ನದೇ ಹೊದಿಕೆಯನ್ನೂ ತುರುಕಿ ಗಾಳಿ ತಡೆದವಳು ಮನೆಗೆಲಸದ ಹನ್ನಾ. ಅವಳೂ ಹಸಿದಿದ್ದಳೇ ಎಂದು ಕಾದಂಬರಿ ವಿಚಾರಿಸುವುದಿಲ್ಲ, ನಾವು ಓದುಗರೂ ವಿಚಾರಿಸುವುದು ಕಡಿಮೆ.

ನನ್ನ ತಕರಾರು ಸಂಜೆಯದು. ಪಕ್ಕದ ಮನೆಯ ಸಿರಿವಂತ ಲಾರೆನ್ಸ್, ಬೆಳಗಿನ ಸುದ್ದಿ ಕೇಳಿ ಮೆಚ್ಚಿ, ಗುಲಾಬಿ ಮತ್ತು ಬಿಳಿ ಬಣ್ಣದ ಐಸ್‌ಕ್ರೀಮ್, ಕೇಕು, ಹಣ್ಣು, ಫ್ರೆಂಚ್ ಮಿಠಾಯಿ, ಮೇಲೆ ನಾಲ್ಕು ದೊಡ್ಡ ಹೂಗುಚ್ಛಗಳನ್ನು ಕಳಿಸುತ್ತಾನೆ. ಸುದ್ದಿ ಮುಟ್ಟಿದ್ದು ಹನ್ನಾ ಅವನ ಆಳೊಬ್ಬರ ಬಳಿ ಆಡಿದ ಮಾತಿನಿಂದ ಎಂಬುದು ಸೊಗಸಾದ ವಿವರ, ಒಪ್ಪಿದೆ. ಆದರೂ ಬೆಳಗ್ಗೆ ಕೊಟ್ಟದ್ದು ರಾತ್ರಿಯೊಳಗೆ ಬಡ್ಡಿಸಮೇತ ಬಂತು. ಹಾಲು-ಬ್ರೆಡ್ಡಿನಲ್ಲೇ ಆ ದಿನ ಮುಗಿದಿದ್ದರೆ ಬಡತನದ ಹಬ್ಬ ಹೇಗಿರುತ್ತದೆಂದು ಓದುಗನಿಗೆ ತಟ್ಟುತ್ತಿತ್ತು.

ಈ ಜಮಾಖರ್ಚನ್ನು ಮುಂದೆ ಕೆಡಿಸುವವರೂ ಆಲ್ಕಾಟ್ ಅವರೇ ಎಂಬುದು ಕಾದಂಬರಿಯ ದೊಡ್ಡತನ. ಮುಂದಿನ ವರ್ಷ ತಂದೆಗೆ ಕಾಯಿಲೆಯೆಂದು ತಂತಿ ಬಂದು ತಾಯಿ ವಾಷಿಂಗ್ಟನ್ನಿಗೆ ಹೋದಾಗ, ಹಮ್ಮೆಲ್ ಮನೆಗೆ ಹೋಗಿಬರಲು ಅಕ್ಕಂದಿರು ಒಂದೊಂದು ನೆಪ ಹೇಳುತ್ತಾರೆ. ಬೆತ್ ಒಬ್ಬಳೇ ಹೋಗುತ್ತಾಳೆ. ಕೆಂಪುಜ್ವರದಿಂದ ಆ ಹಸುಗೂಸು ಅವಳ ಮಡಿಲಲ್ಲೇ ಪ್ರಾಣ ಬಿಡುತ್ತದೆ, ಜ್ವರ ಅವಳಿಗೂ ಅಂಟುತ್ತದೆ. ಬದುಕಿದರೂ ಅವಳ ಮೈ ಮತ್ತೆ ಕೂಡಿಕೊಳ್ಳುವುದಿಲ್ಲ. 1869ರ ಎರಡನೆಯ ಭಾಗದಲ್ಲಿ ತೀರಿಕೊಳ್ಳುತ್ತಾಳೆ. ಇದು ಕಟ್ಟುಕಥೆಯಷ್ಟೇ ಅಲ್ಲ. ಆಲ್ಕಾಟ್ ಅವರ ತಾಯಿ ನೆರವಾಗುತ್ತಿದ್ದ ಬಡ ಕುಟುಂಬವೊಂದರಿಂದ 1856ರಲ್ಲಿ ತಂಗಿ ಎಲಿಜಬೆತ್‌ಗೆ ಇದೇ ಜ್ವರ ಬಂತು, 1858ರಲ್ಲಿ ಆಕೆ ಹೋದಳು. ದಾನಕ್ಕೆ ಎಂಥ ಬೆಲೆ ತೆರಬೇಕಾದೀತು ಎಂದು ಬಲ್ಲವರು ಬರೆದ ಕ್ರಿಸ್‌ಮಸ್ ಇದು. ಹಬ್ಬಕ್ಕೆಂದು ಮೊದಲೆರಡು ಅಧ್ಯಾಯಗಳನ್ನಷ್ಟೇ ಓದಿ ಮುಚ್ಚಿಡುವವರ ಕೈಗೆ ಈ ಅರಿವು ಸಿಗುವುದೇ ಇಲ್ಲ.

ಎರಡನೆಯ ಕ್ರಿಸ್‌ಮಸ್‌ಗೆ ತಂದೆ ಮರಳುತ್ತಾನೆ. ಸುಖಾಸನದಲ್ಲಿ ಕೂತು ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ಮೆಗ್‌ಳ ಒರಟಾದ ಕೈ, ಜೋಳ ತಗ್ಗಿದ ದನಿ ಎಂದು ಮೆಚ್ಚಿ ನುಡಿಯುತ್ತಾನೆ. ಕಷ್ಟದ ವರ್ಷವನ್ನು ತೂಗಿಸಿದವರು ಹೆಂಗಸರು, ತಾಯಿಯ ಪ್ರಯಾಣಕ್ಕೆಂದು ಕೂದಲು ಮಾರಿ 25 ಡಾಲರ್ ತಂದವಳು ಜೋ. ತೀರ್ಪು ಹೇಳುವ ಕುರ್ಚಿ ಮಾತ್ರ ತಂದೆಯದು. ಆಲ್ಕಾಟ್ ಮನೆಯಲ್ಲಿ ನಡೆದದ್ದು ತಿರುಗುಮುರುಗು. ಆದರ್ಶದ ಬೆನ್ನು ಹತ್ತಿದ್ದ ತಂದೆ ಬ್ರಾನ್ಸನ್ ಅವರಿಗೆ ಸಂಪಾದನೆ ಕೈಹತ್ತಲಿಲ್ಲ. 1843ರಲ್ಲಿ ಕಟ್ಟಿದ ‘ಫ್ರೂಟ್‌ಲ್ಯಾಂಡ್ಸ್’ ಎಂಬ ಕೂಡುಬಾಳಿನ ತೋಟ ಏಳೇ ತಿಂಗಳಲ್ಲಿ ಮುಚ್ಚಿತು. ಮನೆ ನಡೆಸಿದ್ದು ಮಗಳ ಲೇಖನಿ. ಯುದ್ಧಕ್ಕೆ ಹೋದವರೂ ಮಗಳೇ. 1862ರ ಕ್ರಿಸ್‌ಮಸ್ಸನ್ನು ಆಕೆ ಕಳೆದದ್ದು ಜಾರ್ಜ್‌ಟೌನಿನ ಸೈನಿಕ ಆಸ್ಪತ್ರೆಯಲ್ಲಿ, ದಾದಿಯಾಗಿ. ಅಲ್ಲಿ ಟೈಫಾಯ್ಡ್ ಹಿಡಿದು ಮಲಗಿದ ಮಗಳನ್ನು ಮರುತಿಂಗಳು ಮನೆಗೆ ಕರೆತರಲು ಹೋದವರು ತಂದೆ. ಕಾದಂಬರಿಯಲ್ಲಿ ಮಾತ್ರ ಗೌರವದ ಆ ದೂರದ ಜಾಗವನ್ನು ಆಕೆ ತಂದೆಗೆ ಬಿಟ್ಟುಕೊಟ್ಟರು.